ಹನ್ನೆರಡು ಗಂಟೆ

ಅಕ್ಕ ಒಂದು ಕೈಯಲ್ಲಿ ತಂಗಿ ಅರ್ಜಿಗೆಂದು ಬರೆದ ಪ್ರಬಂಧದ ಹಾಳೆ, ಇನ್ನೊಂದರಲ್ಲಿ ಅವಳ ಕೆಲಸದ ಗಂಟೆಗಳ ಪುಸ್ತಕ ಹಿಡಿದು ಎರಡನ್ನೂ ಕಿಟಕಿಯ ಬೆಳಕಿಗೆ ಒಡ್ಡಿದಳು. ಬಟ್ಟೆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಅವಳ ಕೆಲಸವೇ ಅದು. ಅಂಗಿಯ ಎರಡು ತೋಳುಗಳನ್ನು ಪಕ್ಕಪಕ್ಕ ಹಿಡಿದು, ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ನೋಡುವುದು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂತಾಗಲೂ ಆ ಅಭ್ಯಾಸ ಬಿಟ್ಟಿರಲಿಲ್ಲ.

ಮೇಜಿನ ಈಚೆ ತಂಗಿ ಲ್ಯಾಪ್‌ಟಾಪಿನಲ್ಲಿ ತನ್ನ ವಿಳಾಸ ತುಂಬುತ್ತಿದ್ದಳು. ಫಿಜಿಷಿಯನ್ ಅಸಿಸ್ಟೆಂಟ್, ಅಂದರೆ ಡಾಕ್ಟರ ಸಹಾಯಕರ, ಕೋರ್ಸಿನ ಅರ್ಜಿಯನ್ನು ಮೊದಲೇ ತುಂಬಿಡಬಹುದು, ಕಳಿಸಲು ಆಗುವುದು ನಾಳೆ ಬೆಳಿಗ್ಗೆ ಒಂಬತ್ತರಿಂದ. ಒಂಬತ್ತು ದಾಟಿ ಒಂದು ನಿಮಿಷಕ್ಕೆ ಅವಳದು ಹೋಗಿರಬೇಕು. ಹೋದ ವರ್ಷ ಅವಳ ವಾರ್ಡಿನವಳೇ ಒಬ್ಬಳು ಕೊನೆಯ ದಿನ ಕಳಿಸಿ, ಅರ್ಜಿ ಚೆನ್ನಾಗಿದೆ, ಸೀಟು ಉಳಿದಿಲ್ಲ ಎಂಬ ಎರಡು ಸಾಲಿನ ಉತ್ತರ ಹಿಡಿದುಕೊಂಡು ಓಡಾಡಿದ್ದಳು. ಬಂದ ಅರ್ಜಿಗಳನ್ನು ಬಂದ ಹಾಗೆಯೇ ನೋಡಿ ಸೀಟು ತುಂಬುತ್ತಾರಂತೆ. ಮುಂದಿನ ವರ್ಷದ ಹೊತ್ತಿಗೆ ತಂಗಿಯ ವಯಸ್ಸು ಮಿತಿ ದಾಟುತ್ತದೆ. ಈ ಸಲ ತಪ್ಪಿದರೆ, ಡಾಕ್ಟರ ಪಕ್ಕ ನಿಂತು ರೋಗಿಯ ಎದೆಗೆ ಸ್ಟೆತಸ್ಕೋಪ್ ಇಡುವ ಆಸೆ ಬಿಟ್ಟು ಬೆಡ್‌ಪ್ಯಾನ್ ಎತ್ತುತ್ತಲೇ ನಡು ಬಗ್ಗಿಸಬೇಕು.

ರೋಗಿಗಳ ಜೊತೆ ಎರಡು ಸಾವಿರ ಗಂಟೆ ಕೆಲಸ ಮಾಡಿರಬೇಕೆಂಬುದು ಅರ್ಜಿಯ ಷರತ್ತು. ವಾರ್ಡಿನ ಆಯಾ ಆಗಿ ತಂಗಿ ಎರಡು ಸಾವಿರದ ನಾಲ್ಕು ಗಂಟೆ ಕೂಡಿಸಿದ್ದಳು. ಪ್ರತಿ ಪಾಳಿ ಮುಗಿದಾಗಲೂ ಪುಸ್ತಕ ಹಿಡಿದು ನಿಲ್ಲುತ್ತಿದ್ದ ಅವಳಿಗೆ ಹೆಡ್ ನರ್ಸು ‘ಗಂಟೆಮ್ಮ’ ಎಂದು ಹೆಸರಿಟ್ಟು, ನಗುತ್ತಲೇ ಸಹಿ ಹಾಕುತ್ತಿದ್ದಳು. ಆದರೆ ಆಕೆಯದೊಂದು ಕಟ್ಟುನಿಟ್ಟು ಇತ್ತು. ಪಾಳಿ ಅರ್ಧಕ್ಕೆ ಬಿಟ್ಟು ಹೋದವರಿಗೆ ಸಹಿ ಇಲ್ಲ. ಹನ್ನೊಂದು ಗಂಟೆ ದುಡಿದಿದ್ದರೂ ಸೊನ್ನೆಯೇ.

“ಹದಿನೇಳನೇ ತಾರೀಕು,” ಎಂದಳು ಅಕ್ಕ. “ಈ ಪುಸ್ತಕದಲ್ಲಿ ನೀನು ಬೆಳಿಗ್ಗೆ ಏಳರಿಂದ ಸಂಜೆ ಏಳರ ತನಕ ವಾರ್ಡಲ್ಲಿದ್ದೀಯ. ಈ ಹಾಳೇಲಿ ಅದೇ ದಿನ ಅಮ್ಮನ ತಲೆ ನಿನ್ನ ತೊಡೆ ಮೇಲಿದೆ.”

ತಂಗಿಯ ಬೆರಳು ಕೀಲಿಮಣೆಯ ಮೇಲೇ ನಿಂತುಬಿಟ್ಟಿತು. ನಿಜವೆನ್ನಿಸಲೆಂದು ತಾರೀಕು ಹಾಕಿದ್ದವಳು ಅವಳೇ. ಒದ್ದೆ ಬಟ್ಟೆಯಿಂದ ಅಮ್ಮನ ತುಟಿ ಒರೆಸಿದ್ದು, ಪಾದದಿಂದ ಮೇಲಕ್ಕೆ ಮೈ ತಣ್ಣಗಾಗುತ್ತ ಬಂದಿದ್ದು, ಎಲ್ಲವನ್ನೂ ಅಕ್ಕ ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಿಸುತ್ತಲೋ ಒಂದೊಂದು ಚೂರಾಗಿ ಹೇಳಿದ್ದಳು. ತಂಗಿ ಅಕ್ಕ ಇದ್ದ ಕಡೆಯೆಲ್ಲ ‘ನಾನು’ ಎಂದು ಬರೆದಿದ್ದಳು. ಬರೆಯುವಾಗ ಅದು ಸುಳ್ಳೆನ್ನಿಸಿರಲಿಲ್ಲ. ಅಲ್ಲಿದ್ದಿದ್ದರೆ ತಾನೂ ಅದನ್ನೇ ಮಾಡುತ್ತಿದ್ದೆನಲ್ಲ ಅನ್ನಿಸಿತ್ತು. ಪ್ರಬಂಧ ತಿದ್ದಿಕೊಟ್ಟ ಮೇಷ್ಟ್ರು ಕಣ್ಣು ಒರೆಸಿಕೊಂಡಿದ್ದರು.

ತಪ್ಪಾಯಿತು ಅಕ್ಕಾ ಎಂದು ತಂಗಿ ಗೊಣಗಿದಳು.

“ನನಗೇನು, ನಾನು ಯಾವ ಕಾಲೇಜಿಗೂ ಅರ್ಜಿ ಹಾಕೋದಿಲ್ಲ,” ಎಂದು ಅಕ್ಕ ಅರೆಬರೆ ನಕ್ಕಳು. “ಆದ್ರೆ ನನ್ನಂಥೋಳು ಒಬ್ಬಳು ಅಲ್ಲೂ ಕೂತಿರ್ತಾಳೆ ನೋಡು, ಎರಡು ತೋಳು ಹಿಡ್ಕೊಂಡು.”

ತಂಗಿ ಪುಸ್ತಕ ಎಳೆದುಕೊಂಡಳು. ಹದಿನೇಳರ ಆ ಒಂದು ಸಾಲು ಹೊಡೆದುಹಾಕಿದರಾಯಿತು. ಮನಸ್ಸಿನಲ್ಲೇ ಕಳೆದು ನೋಡಿದಳು. ಒಂದು ಸಾವಿರದ ಒಂಬೈನೂರ ತೊಂಬತ್ತೆರಡು. ಎಂಟು ಗಂಟೆ ಕಡಿಮೆ. ಮುಂದಿನ ಪಾಳಿ ಇದ್ದದ್ದು ಬುಧವಾರ. ಆದರೂ ಪೆನ್ನಿನ ಮುಚ್ಚಳ ತೆಗೆದಳು.

ಆಗ ಅಕ್ಕ, ಅಮ್ಮ ಹೋದ ಈ ಏಳು ತಿಂಗಳಲ್ಲಿ ಕೇಳದೇ ಇದ್ದದ್ದನ್ನು ಕೇಳಿದಳು.

“ಅವತ್ತು ಎರಡೂವರೆಗೆ ಫೋನ್ ಮಾಡಿದ್ದೆ. ನೀನು ನೋಡಿದ್ದೆ ತಾನೆ?”

ಫೋನು ಏಳರ ತನಕ ಲಾಕರಿನಲ್ಲೇ ಇತ್ತು ಎಂದು ಅಂದು ತಂಗಿ ಹೇಳಿದ್ದಳು. ಅಕ್ಕ ಅದನ್ನೇ ಸಾವಿಗೆ ಬಂದವರಿಗೆಲ್ಲ ಹೇಳಿದ್ದಳು.

“ಮೂರಕ್ಕೆ ಟೀ ಕುಡಿಯೋಕೆ ಬಂದಾಗ ನೋಡಿದೆ,” ಎಂದಳು ತಂಗಿ. “ಪಾಳಿ ಮುಗಿಯೋಕೆ ಇನ್ನು ನಾಲ್ಕೇ ಗಂಟೆ ಅಲ್ವಾ ಅಂದ್ಕೊಂಡೆ.”

ಅಮ್ಮ ಹೋದದ್ದು ಐದಕ್ಕೆ.

“ಐದು ಗಂಟೆಗೆ ಏನ್ ಮಾಡ್ತಿದ್ದೆ?” ಎಂದಳು ಅಕ್ಕ.

“ಹನ್ನೊಂದನೇ ಹಾಸಿಗೆ ಅಜ್ಜಿಗೆ ಉಗುರು ಕತ್ತರಿಸ್ತಿದ್ದೆ.”

ಅಕ್ಕ ತಲೆಯಾಡಿಸಿದಳು, ಬಟ್ಟೆಯಲ್ಲಿ ತೂತು ಎಲ್ಲಿದೆಯೆಂದು ಕೊನೆಗೂ ಕಂಡವಳ ಹಾಗೆ. ತಂಗಿಯ ಬೆರಳುಗಳ ನಡುವಿನಿಂದ ಪೆನ್ನು ತೆಗೆದು ಮುಚ್ಚಳ ಹಾಕಿ, ಪುಸ್ತಕವನ್ನು ಅಂಗೈಯಲ್ಲಿ ನೀವಿ ಅವಳ ಮುಂದಿಟ್ಟಳು.

“ಗಂಟೆ ಹೊಡೆದುಹಾಕ್ಬೇಡ. ಅದು ನೀನು ನಿಜವಾಗ್ಲೂ ದುಡಿದಿದ್ದು. ಅಮ್ಮನ್ನ ತೆಗಿ.”

ಹೇಳಿ, ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದಳು.

ತಂಗಿ ಲ್ಯಾಪ್‌ಟಾಪಿನಲ್ಲಿದ್ದ ಪ್ರಬಂಧದ ಕೊನೆಗೆ ಕರ್ಸರ್ ತಂದು ಅಳಿಸುವ ಗುಂಡಿ ಒತ್ತಿ ಹಿಡಿದಳು. ತಣ್ಣಗಾದ ಪಾದ ಹೋಯಿತು, ಒದ್ದೆ ಬಟ್ಟೆ ಹೋಯಿತು, ತೊಡೆ ಹೋಯಿತು, ಅದರ ಮೇಲಿದ್ದ ತಲೆ ಹೋಯಿತು. ಎಲ್ಲಕ್ಕಿಂತ ಮೇಲೆ ‘ನೀವು ರೋಗಿಗಳ ಸೇವೆಯನ್ನು ಏಕೆ ಆರಿಸಿಕೊಂಡಿರಿ?’ ಎಂಬ ಪ್ರಶ್ನೆಯೊಂದು ಮಾತ್ರ ಉಳಿಯಿತು. ಕೆಳಗಿನ ಮೂಲೆಯಲ್ಲಿ ಸಣ್ಣ ಅಂಕಿಯೊಂದು ಏರುತ್ತ ಏರುತ್ತ ಬಂದು ನಿಂತಿತು: ಇನ್ನೂ ಐದು ಸಾವಿರ ಅಕ್ಷರಗಳಿಗೆ ಜಾಗವಿದೆ.