ಎಡಗಡೆ ಸ್ಟೂಲು

ಜಯಕುಮಾರ ಮೀಸೆ ಪಣಕ್ಕಿಟ್ಟ ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಅಪ್ಪ ಅಂಜನಪ್ಪ ಬಾಗಿಲಲ್ಲೇ ಕೂತಿದ್ದ.

“ಲೇ, ನಾನಿನ್ನೂ ಬದುಕಿದೀನಿ.”

ಅವರ ಮನೆತನದಲ್ಲಿ ಅಪ್ಪ ಸತ್ತಾಗ ಮಾತ್ರ ಮಗ ಮೀಸೆ ತೆಗೆಸುವುದು.

“ನೀನು ಬೋಳು ಮೂತಿ ಹೊತ್ಕಂಡು ಬೀದಿಗೆ ಹೋದ್ರೆ ಜನ ಏನಂತ ತಿಳ್ಕಂತಾರೆ? ತಾಳ್ಯದಾಗೆ ನಿಮ್ಮತ್ತೆ ಬಾಯಿ ಬಡ್ಕಂತಾ ಬಸ್ ಹತ್ತತಾಳೆ. ಸುಮ್ನಿರ್ಲಾರ್ದೆ ಇರುವೆ ಬಿಟ್ಕಂಡಂಗಾತು.”

“ಸೋತ್ರೆ ತಾನೇ ಬೋಳ್ಸೋದು? ನಾನು ಸೋಲಲ್ಲಪ್ಪ.”

ಮಾತು ಸುಳ್ಳಲ್ಲ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದೆ ದಾಸಣ್ಣ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಅಂಗಡಿ ಅಂದರೆ ಒಂದೇ ಯಂತ್ರ, ಎರಡು ಸ್ಟೂಲು, ಒಂದು ಬೆಂಚು. ಯಂತ್ರ ಯಾವ ದೇಶದ್ದೋ, ಮುಂಬೈ ಗುಜರಿಯಿಂದ ಲಾರಿ ಹತ್ತಿ ಬಂದಿತ್ತು. ಅದರ ನಾಣ್ಯದ ಕಿಂಡಿಗೆ ನಮ್ಮ ನಾಣ್ಯ ಹಿಡಿಸದ ಕಾರಣ ದಾಸಣ್ಣ ಅಲ್ಲಿ ಗಣಪತಿ ಪಟ ಅಂಟಿಸಿ, ದುಡ್ಡನ್ನು ಕೈಯಲ್ಲೇ ಈಸಿಕೊಳ್ಳುತ್ತಿದ್ದ. ಪರದೆಯ ಮೇಲೆ ಎರಡು ರಾಕ್ಷಸ ಪ್ರಾಣಿಗಳು ಬಡಿದಾಡುತ್ತಿದ್ದವು. ಎಡಗಡೆ ಸ್ಟೂಲಿನವನಿಗೆ ಎಡಗಡೆಯದು, ಬಲಗಡೆಯವನಿಗೆ ಬಲಗಡೆಯದು. ಬೆಂಕಿ ಉಗುಳುವ ಓತಿಕ್ಯಾತ, ನೀರು ಕಾರುವ ಎಮ್ಮೆ, ಮೈಯೆಲ್ಲ ಬಂಡೆಯಾದ ಕಲ್ಲಪ್ಪ. ಹೆಸರೆಲ್ಲ ಹೊಳಲ್ಕೆರೆಯವರೇ ಇಟ್ಟದ್ದು. ಜಗಳ ಮುಗಿದಾಗಲೆಲ್ಲ ಯಾರಿಗೂ ಓದಲು ಬಾರದ ಕೆಂಪು ಅಕ್ಷರ ಮಿಣುಕುತ್ತಿದ್ದವು. ‘ಶುಭವಾಗಲಿ’ ಅಂತಿರಬೇಕು ಎಂದು ಜನ ತೀರ್ಮಾನಿಸಿದ್ದರು.

ಬೇರೆಯವರು ಬಂದವರೇ ಗುಂಡಿ ಕುಟ್ಟುತ್ತಿದ್ದರು. ಜಯಕುಮಾರ ಕಾಯುತ್ತಿದ್ದ. ಎಮ್ಮೆ ಒಮ್ಮೆ ಅರಚಿ ಮಕಾಡೆ ಬಿದ್ದ ಮೇಲೆಯೇ ಎದ್ದು ಹೋಗಿ ಬಲಗಡೆ ಸ್ಟೂಲು ಹಿಡಿಯುತ್ತಿದ್ದ. “ಯಂತ್ರಕ್ಕೂ ಒಂದು ಹದ ಐತೆ. ಒತ್ತೋದು ನಮ್ಮ ಕೆಲಸ, ಬರೋದು ಅದರಿಷ್ಟ,” ಎನ್ನುತ್ತಿದ್ದ. ಹದ ನೋಡಿ ಕೂತರೆ ಓತಿಕ್ಯಾತ ಬರುತ್ತಿತ್ತು, ಬಂದರೆ ಗೆಲ್ಲುತ್ತಿತ್ತು. ವರ್ಷದಿಂದ ಅವನು ಸೋತಿರಲಿಲ್ಲ. ಆ ಸೊಕ್ಕಿನಲ್ಲೇ ಚಿತ್ರದುರ್ಗದ ಎರ್ರಿಸ್ವಾಮಿಯ ಮೀಸೆಗೆ ಎದುರಾಗಿ ತನ್ನ ಮೀಸೆ ಇಟ್ಟು ಬಂದಿದ್ದ. ಪಂದ್ಯ ಭಾನುವಾರಕ್ಕೆ ನಿಂತಿತ್ತು.

ಶುಕ್ರವಾರ ದಾಸಣ್ಣ ಯಂತ್ರದ ಹೊಟ್ಟೆ ಬಿಚ್ಚಿಸಿ ಆಟದ ಹೊಸ ಪ್ಲೇಟು ಹಾಕಿಸಿದ. ಓತಿಕ್ಯಾತ ಮಾಯವಾಗಿತ್ತು. ಅದರ ಜಾಗದಲ್ಲಿ ನಿದ್ದೆಪುಡಿ ಉದುರಿಸುವ ಅಣಬೆಯೊಂದು ಬಂದು ಕೂತಿತ್ತು.

“ಯಾಕಣ್ಣ ಹಿಂಗ್ಮಾಡಿದೆ?” ಎಂದ ಜಯಕುಮಾರ.

“ಹಳೇದು ಜನಕ್ಕೆ ಬಾಯಿಪಾಠ ಆಗಿತ್ತಪ್ಪ,” ಎಂದ ದಾಸಣ್ಣ. “ಇನ್ನೊಂದಿಷ್ಟು ದಿನ ಬಿಟ್ಟಿದ್ರೆ ಎಲ್ಲಾರ್ಗೂ ತಿಳಿದೋಗಾದು.”

ಜಯಕುಮಾರನಿಗೆ ಅನ್ನ ಸೇರಲಿಲ್ಲ. ಊಟದ ತಟ್ಟೆಯಲ್ಲೇ ಈರುಳ್ಳಿ, ಮೆಣಸಿನಕಾಯಿ ಹೂಡಿಕೊಂಡು ಅಪ್ಪನಿಗೆ ಯುದ್ಧ ವಿವರಿಸಿದ. ಓತಿಕ್ಯಾತನ ಕಾಲದಲ್ಲಿ ಮೊದಲು ಹೊಡೆದವನದೇ ಆಟ. ಈಗ ಮೊದಲು ಹೊಡೆಯಲು ಹೋದವನು ಪುಡಿ ಮೂಸಿ ಮಲಗುತ್ತಾನೆ. ಕಲ್ಲಿಗೆ ನಿದ್ದೆಯಿಲ್ಲ, ಆದ್ದರಿಂದ ಇಷ್ಟು ದಿನ ಮೂಲೆಗೆ ಬಿದ್ದಿದ್ದ ಕಲ್ಲಪ್ಪನಿಗೆ ಶುಕ್ರದೆಸೆ. ಆದರೆ ಕಲ್ಲಪ್ಪನನ್ನು ಎಮ್ಮೆ ನೀರಲ್ಲಿ ಕರಗಿಸುತ್ತದೆ, ಎಮ್ಮೆಯನ್ನು ಅಣಬೆ ಮಲಗಿಸುತ್ತದೆ.

“ಕೊನಿಗೆ ಗೆಲ್ಲೋದು ಯಾವುದಲೇ?”

“ಅದು ಆಡೋನ ಕೈಯಾಗೈತಪ್ಪ.”

ಅಂಜನಪ್ಪ ಮಗನ ಕೈ ನೋಡಿದ, ಆಮೇಲೆ ಮೀಸೆ ನೋಡಿದ. ಅವನಿಗೂ ಅನ್ನ ಸೇರಲಿಲ್ಲ.

ಭಾನುವಾರ ಜಯಕುಮಾರ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಅಂಗಡಿಗೆ ಹೋದರೆ ಅಲ್ಲಿ ಬೆಂಚಿನ ಮೇಲೆ ಟೀ ಲೋಟ ಹಿಡಿದು ಕೂತಿದ್ದ. ಬಾಗಿಲ ತುಂಬ ಜನ. ಕ್ಷೌರದ ಹನುಮಂತಯ್ಯ ಪೆಟ್ಟಿಗೆ ಸಮೇತ ಬಂದಿದ್ದ. ಎರ್ರಿಸ್ವಾಮಿ ಮೀಸೆಗೆ ಎಣ್ಣೆ ತೀಡಿಕೊಂಡು ಬಂದವನೇ ಬಲಗಡೆ ಸ್ಟೂಲಿಗೆ ಕೈಹಾಕಿದ. ಆ ಸ್ಟೂಲಿನ ಕೀರ್ತಿ ದುರ್ಗದವರೆಗೂ ಹಬ್ಬಿತ್ತು. ಜಯಕುಮಾರನೂ ಅದನ್ನೇ ಹಿಡಿದೆಳೆದ.

“ಲೇ, ಬಿಡು ಅದನ್ನ,” ಎಂದ ಅಂಜನಪ್ಪ. “ಎಡಗಡೆ ಕುಂತ್ಕ.”

“ಅಪ್ಪಾ, ಇದು ನಿಂಗೆ ತಿಳಿಯಲ್ಲ.”

“ಮೀಸೆ ನಿಂದು, ಜೀವ ನಂದು ಕಣಲೇ. ಒಂದ್ಸಲ ನನ್ನ ಮಾತು ಕೇಳು. ಆ ಎಮ್ಮೆ ಮಲಗ್ಲಿ, ಆಮ್ಯಾಲೆ ಕುಂತ್ಕ.”

ಜನ ನಕ್ಕರು. ಜಯಕುಮಾರ ಅಪ್ಪನ ಮುಖ ನೋಡಿ ಸ್ಟೂಲು ಬಿಟ್ಟ. ಪರದೆಯಲ್ಲಿ ಎಮ್ಮೆ ಮಲಗಿತು. ಅವನು ಗಣಪತಿಗೆ ಕೈಮುಗಿದು ಎಡಗಡೆ ಕೂತ.

ಕಲ್ಲಪ್ಪನನ್ನು ನೆನೆದು ಗುಂಡಿ ಒತ್ತಿದ. ಬಂದದ್ದು ಅಣಬೆ. ಕಲ್ಲಪ್ಪ ಬಲಗಡೆ, ಎರ್ರಿಸ್ವಾಮಿಯ ಪಾಲಿಗೆ ಬಂದಿದ್ದ. ಕಲ್ಲಿಗೆ ನಿದ್ದೆಯಿಲ್ಲ ಎಂಬ ತನ್ನದೇ ಮಾತು ನೆನಪಾಗಿ ಜಯಕುಮಾರ ಅಪ್ಪನ ಕಡೆ ತಿರುಗಿ ನೋಡಿದ. ಹನುಮಂತಯ್ಯ ಕತ್ತಿ ಮಸೆಯತೊಡಗಿದ. ಜಯಕುಮಾರ ಸಿಕ್ಕಸಿಕ್ಕ ಗುಂಡಿ ಗುದ್ದಿದ. ಒಂದು ಗುಂಡಿ ಕಿತ್ತು ಬಂದು ಸ್ಟೂಲಿನಡಿ ಉರುಳಿತು. ಅವನು ಅದರ ತೂತಿಗೇ ಬೆರಳಿಟ್ಟು ಒತ್ತಿದ.

ಅಣಬೆ ನಿಧಾನಕ್ಕೆ ತಲೆ ಕೊಡವಿತು. ಪುಡಿ ಉದುರಿತು. ಕಲ್ಲಪ್ಪ ತೂಗಾಡಿ, ಆಕಳಿಸಿ, ದೊಪ್ಪನೆ ಮಲಗಿಬಿಟ್ಟ. ಕೆಂಪು ಅಕ್ಷರ ಮಿಣುಕಿದವು.

ಎರ್ರಿಸ್ವಾಮಿಯ ಮೀಸೆ ಅಲ್ಲೇ ಬೆಂಚಿನ ಮೇಲೆ ಹೋಯಿತು. ಅವನ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದ್ದರಿಂದ ಮನೆಯವರಿಗೆ ತೊಂದರೆಯಿರಲಿಲ್ಲ. ಕಲ್ಲು ಹೇಗೆ ಮಲಗಿತು ಎಂದು ಜನ ಕೇಳಿದಾಗ ಜಯಕುಮಾರ, “ಕಲ್ಲಿಗೂ ಆಯಾಸ ಅಂತ ಇರ್ತೈತೆ, ಅದನ್ನ ಬೆರಳಾಗೆ ತಿಳೀಬೇಕು,” ಎಂದು ಬಹಳ ಹೊತ್ತು ಪಾಠ ಹೇಳಿದ. ಮನೆಯ ದಾರಿಯಲ್ಲಿ ಮಾತ್ರ ತಡೆಯಲಾಗಲಿಲ್ಲ.

“ಅಪ್ಪಾ, ಎಡಗಡೆ ಅಂತ ನಿಂಗೆ ಹೆಂಗೆ ಗೊತ್ತಾತು?”

“ಬೆಳಗ್ಗೆ ದಾಸಣ್ಣ ಬಾಗ್ಲು ತೆಗೆದಾಗ್ಲಿಂದ ಅದನ್ನೇ ನೋಡ್ತಾ ಕುಂತಿದ್ದೆ ಕಣಲೇ, ಎಮ್ಮೆ ಮಲಗಿದ ಮ್ಯಾಲೆ ಪ್ರತಿ ಸಲಾನೂ ಎಡಗಡೆ ಅಣಬೇನೇ ಗೆಲ್ತಿತ್ತು,” ಎಂದ ಅಂಜನಪ್ಪ. “ಆಗಿನ್ನೂ ಎರಡೂ ಸ್ಟೂಲ್ ಮ್ಯಾಲೆ ಯಾರೂ ಬಂದು ಕುಂತಿರ್ಲಿಲ್ಲ.”