ತಾರವ್ವನ ಪಾಲಿನ ಎಲೆ

ಮುಚ್ಚಿದೆಯೆಂದು ಕೇಳಿದ್ದ ಶೆಡ್ಡಿನೊಳಗೆ ಮಗ್ಗಗಳು ಸಾಲಾಗಿ ಬಡಿಯುತ್ತಿದ್ದವು. ನೇಯ್ದ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಲಗಮವ್ವ ಬಾಗಿಲಲ್ಲೇ ನಿಂತಳು. ಸೀರೆ ಒಯ್ಯಲು ಶೆಡ್ಡಿನ ಸಾವಕಾರರ ಗುಮಾಸ್ತ ಮನೆಗೇ ಬರುತ್ತಿದ್ದ. ಇವತ್ತು ಬರಲಿಲ್ಲವೆಂದು ತಾನೇ ರಬಕವಿ ಪೇಟೆ ದಾಟಿ ಬಂದಿದ್ದಳು.

ಮೊದಲ ಮಗ್ಗದಲ್ಲೇ ಗೆಳತಿ ತಾರವ್ವ ಕೂತಿದ್ದಳು. "ಶೆಡ್ ಮುಚ್ಚತಾರ, ಎಲ್ಲಾರ ಮಗ್ಗಾನೂ ಮನಿಗಿ ಹೊಂಟಾವ, ನಂದೂ" ಎಂದು, ಲಗಮವ್ವನ ಮಗ್ಗ ಮನೆಗೆ ಸಾಗಿಸಿದ ದಿನ ಹೇಳಿ ಕಣ್ಣೊರೆಸಿಕೊಂಡಿದ್ದವಳು ಅವಳೇ.

ಮನೆಯಲ್ಲಿ ಒಬ್ಬಳೇ ನೇಯುವಾಗಲೂ ಲಗಮವ್ವ ಶೆಡ್ಡಿನ ಹಳೇ ರೂಢಿಯಂತೆ, ತಾರವ್ವ ಪಕ್ಕದಲ್ಲೇ ಇದ್ದಾಳೆಂಬಂತೆ, ಮಗ್ಗದ ಸದ್ದು ಮೀರಿಸಿ ಅವಳ ಕೂಡ ಮಾತಾಡುತ್ತಿದ್ದಳು. ಸುಣ್ಣ ಹಚ್ಚಿ ಎರಡು ಎಲೆ ಮಡಚುತ್ತಿದ್ದಳು. ತಾರವ್ವನ ಪಾಲಿನದು ಹಾಗೇ ಒಣಗುತ್ತಿತ್ತು. ಇವಳ ತಲೆ ಕೆಟ್ಟಿದೆಯೆಂದು ಮನೆಯವರು ಪಿಸುಗುಡುತ್ತಿದ್ದರು.

ಲಗಮವ್ವ ಗೆಳತಿಯ ಮಗ್ಗದ ಹತ್ತಿರ ಹೋಗಿ ಕೇಳಿದಳು, "ನನ್ನೊಬ್ಬಾಕಿನ್ನ ಯಾಕ ಮನಿಗಿ ಕಳಿಸಿದ್ರು ಬೇ?"

ತಾರವ್ವ ಲಾಳಿಯಿಂದ ಕಣ್ಣೆತ್ತಲಿಲ್ಲ. "ನಿನ್ನ ಮಾತಿಗಿ ನನ್ನ ಕೈ ನಿಲ್ತಿತ್ತು ಬೇ. ನಾನ ಸಾವಕಾರ್ರಿಗೆ ಹೇಳಿದ್ನಿ."

ಲಗಮವ್ವ ಸೆರಗಿನ ಗಂಟು ಬಿಚ್ಚಿದಳು. ಮಡಚಿದ ಎಲೆಗಳು ಎರಡಿದ್ದವು. ಎರಡನ್ನೂ ತನ್ನ ಬಾಯಿಗೇ ತುರುಕಿಕೊಂಡು, ಒಂದು ಮಾತಿಗೂ ಜಾಗವಿಲ್ಲದಂತೆ ಅಗಿಯತೊಡಗಿದಳು.