‘ಹೌದು’ ಎಂದ ಬೆರಳು

“ಅಯ್ಯೋ, ಮತ್ತೆ ಅಳಿಸಿಬಿಟ್ಟೆ!” ಬಿಸಿ ಪಾತ್ರೆ ಮುಟ್ಟಿದವಳಂತೆ ಮಗಳು ಕೀಲಿಮಣೆಯಿಂದ ಎರಡೂ ಕೈ ಮೇಲೆತ್ತಿದಳು.

ಕಿಟಕಿಯ ಬೆಳಕಿಗೆ ಕುಳಿತು ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಯಾವ ಕೂಗಿಗೆ ಓಡಬೇಕು, ಯಾವುದಕ್ಕೆ ನಡೆದರೆ ಸಾಕು ಎಂಬುದು ಕಿವಿಗೇ ಗೊತ್ತಿತ್ತು. “ಈ ಸಲ ಯಾರದನ್ನೇ?”

“ನಂದೇ. ಪರೀಕ್ಷೆಗೆ ಅಂತ ಮಾಡ್ಕೊಂಡ ನಕಲು. ಬಚಾವಾದೆ.”

ಕಳೆದ ವಾರ ಬಚಾವಾಗಿರಲಿಲ್ಲ. ಪಾರ್ಸೆಲ್ ಸಾಗಿಸುವ ಕಂಪನಿಯೊಂದರ ನೂರಾರು ಕಂಟೇನರ್‌ಗಳನ್ನು, ಎಂದರೆ ಸಕಲ ಸರಂಜಾಮಿನೊಡನೆ ಗಂಟು ಕಟ್ಟಿಟ್ಟ ಪ್ರೋಗ್ರಾಮುಗಳನ್ನು, ಹತ್ತಾರು ಯಂತ್ರಗಳ ಮೇಲೆ ಎಬ್ಬಿಸಿ ಮಲಗಿಸುವ ಉಪಕರಣ ಅವಳ ಕೈಯಲ್ಲಿತ್ತು. ಪ್ರಯೋಗಕ್ಕೆಂದಿಟ್ಟ ಕಂಟೇನರ್‌ಗಳ ಗುಂಪಿನಲ್ಲಿದ್ದೇನೆಂದುಕೊಂಡು, ಒಂದೇ ಸಾಲಿನ ಆದೇಶದಲ್ಲಿ ನಿಜದ ಗುಂಪನ್ನೇ ಒರೆಸಿಹಾಕಿದ್ದಳು. ಅರ್ಧ ದಿನ ಒಂದು ಲಾರಿಗೂ ತಾನು ಹೋಗಬೇಕಾದ ಊರು ತಿಳಿಯಲಿಲ್ಲ. “ಇನ್ನೊಮ್ಮೆ ಹೀಗಾಗದ ಹಾಗೆ ಏನಾದ್ರೂ ಮಾಡಿ ತೋರ್ಸಿ. ಇಲ್ಲಾಂದ್ರೆ ಅಳಿಸೋ ಅಧಿಕಾರ ನಿಮ್ಮಿಂದ ತೆಗೀಬೇಕಾಗುತ್ತೆ” ಎಂದಿದ್ದ ಮುಖ್ಯಸ್ಥ, ನಯವಾಗಿಯೇ. ಆ ನಯವೇ ಹೆಚ್ಚು ಚುಚ್ಚಿತ್ತು. ತೋರಿಸಬೇಕಾದದ್ದು ನಾಳೆ.

ಅವಳು ಕಟ್ಟಿದ್ದು ಒಂದು ಪುಟ್ಟ ಪ್ಲಗಿನ್, ಎಂದರೆ ಉಪಕರಣಕ್ಕೆ ಹೊಸ ಕೆಲಸ ಕಲಿಸುವ ಸೇರ್ಪಡೆ. ತನ್ನ ಹೆಸರಿನ ಮುಂದೆ ಉಪಕರಣದ ಹೆಸರನ್ನೇ ಇಟ್ಟುಕೊಂಡ ಒಂದು ಕಡತ. ಸರಿಯಾದ ಜಾಗದಲ್ಲಿಟ್ಟರೆ ಸಾಕು, ಉಪಕರಣ ಅದನ್ನು ತನ್ನದೇ ಆದೇಶವೆಂಬಂತೆ ನಡೆಸುತ್ತದೆ. ಅಳಿಸುವ ಮುನ್ನ ಅದು ಗುಂಪಿನ ಹೆಸರು ತೋರಿಸಿ, ‘ಇದನ್ನು ಅಳಿಸಲೇ?’ ಎಂದು ಕೇಳಬೇಕು. ನಿಜದ ಗುಂಪಿನದೊಂದು ನಕಲು ಮಾಡಿಕೊಂಡು, ಬೇಕೆಂದೇ ಆ ತಪ್ಪು ಗುಂಪಿನಲ್ಲಿ ನಿಂತು ಪರೀಕ್ಷಿಸಿದಳು. ಪಾಪ, ಅದು ಕೇಳಿತು. ಕಣ್ಣಿನ ಅಪ್ಪಣೆಗೆ ಕಾಯದ ಬೆರಳು ‘ಹೌದು’ ಒತ್ತಿಬಿಟ್ಟಿತ್ತು.

“ಎರಡು ಸಲ ಕೇಳೋ ಹಾಗೆ ಮಾಡ್ಲಾ?”

“ಎರಡು ಸಲ ಹೌದು ಅಂತೀಯ.” ಅಮ್ಮ ಹಲ್ಲಿನಿಂದ ದಾರ ಕಡಿದಳು. “ಹೌದಾ ಅಂತ ಕೇಳಿದ್ರೆ ಹೌದು ಅನ್ನದೋರು ಯಾರೇ? ಜ್ವರ ಏರಿ ಮಲಗಿರೋನ ಹತ್ರ ಹೋಗಿ, ನೀನು ಮಹಾರಾಜನಾ ಅಂತ ಕೇಳು. ಹೂಂ ಅಂತಾನೆ.”

“ಮತ್ತೆ ನೀನೇನ್ ಕೇಳ್ತಿದ್ದೆ?”

“ಹೆಸರು ನಾನು ಹೇಳ್ತಿರ್ಲಿಲ್ಲ. ಅವರ ಬಾಯಲ್ಲೇ ಹೇಳಿಸ್ತಿದ್ದೆ. ಆಮೇಲೆ ಚೀಟಿ ನೋಡ್ತಿದ್ದೆ. ಹೇಳ್ಲಿಲ್ವೋ, ಇಂಜೆಕ್ಷನ್ನು ಟ್ರೇ ಬಿಟ್ಟು ಏಳ್ತಿರ್ಲಿಲ್ಲ.”

ಮಗಳು ಬರೆದ ಸಾಲುಗಳನ್ನು ಅಳಿಸಿ ಹೊಸದಾಗಿ ಬರೆಯತೊಡಗಿದಳು. ಈಗ ಪ್ಲಗಿನ್ ಯಾವ ಹೆಸರನ್ನೂ ತೋರಿಸುವುದಿಲ್ಲ. ‘ಯಾವ ಗುಂಪು? ಹೆಸರು ಬರೆಯಿರಿ’ ಎನ್ನುತ್ತದೆ. ಇನ್ನೊಂದು ನಕಲು ಮಾಡಿ, ಮತ್ತೆ ಆ ತಪ್ಪು ಗುಂಪಿನಲ್ಲಿ ನಿಂತು ಆದೇಶ ಕೊಟ್ಟಳು. ಹಳೆಯ ಚಾಳಿಯ ಬೆರಳು ‘ಹೌದು’ ಎಂದಿತು. ಆ ಹೆಸರಿನ ಗುಂಪೇ ಇಲ್ಲವೆಂದಿತು ಪ್ಲಗಿನ್. ಪ್ರಯೋಗದ ಗುಂಪಿನ ಹೆಸರು ಬರೆದಳು. ‘ನೀವು ನಿಂತಿರುವುದು ಅಲ್ಲಿ ಅಲ್ಲ’ ಎಂದಿತು. ಒಂದು ಗಂಟೂ ಕದಲಲಿಲ್ಲ. ಅವಳು ಜೋರಾಗಿ ನಕ್ಕಳು.

ನಗು ಅರ್ಧಕ್ಕೇ ನಿಂತಿತು. ಚಿಕ್ಕಂದಿನ ಹಾಸಿಗೆ ನೆನಪಾಯಿತು, ಜ್ವರ, ಔಷಧಿಯ ಪುಟ್ಟ ಲೋಟ ಹಿಡಿದು ನಿಂತ ಅಮ್ಮ. ‘ನಿನ್ನ ಹೆಸರೇನು?’ ಆಟವೆಂದುಕೊಂಡು ಅವಳು ಒಂದು ದಿನ ಇಲಿಮರಿ ಎನ್ನುತ್ತಿದ್ದಳು, ಒಂದು ದಿನ ಮೋಡ ಎನ್ನುತ್ತಿದ್ದಳು. ಅಮ್ಮ ನಗುತ್ತಿರಲಿಲ್ಲ. ನಿಜವಾದ ಹೆಸರು ಹೊರಬೀಳುವವರೆಗೆ ಲೋಟ ಅವಳ ಬಾಯಿಗೆ ಇಳಿಯುತ್ತಿರಲಿಲ್ಲ.

“ಅಮ್ಮಾ, ಮನೇಲಿದ್ದ ಮಗು ನಾನೊಬ್ಳೇ. ಹೆಸರಿಟ್ಟೋಳೂ ನೀನೇ. ಔಷಧಿ ಕೊಡೋವಾಗೆಲ್ಲ ನನ್ನ ಹೆಸರು ಯಾಕೆ ಕೇಳ್ತಿದ್ದೆ?”

ಅಮ್ಮ ದಾರದ ತುದಿಯನ್ನು ತುಟಿಗೆ ತಾಗಿಸಿ ಸೂಜಿಗೆ ಪೋಣಿಸಲು ನೋಡಿದಳು. ಒಳಹೋಗಲಿಲ್ಲ. ಇನ್ನೊಮ್ಮೆ ತಾಗಿಸಿದಳು.

“ನೀನು ಹುಟ್ಟೋಕೆ ಮುಂಚೆ, ಒಂದು ಸಲ,” ಎಂದಳು, ಸೂಜಿಯಿಂದ ದೃಷ್ಟಿ ಕೀಳದೆ, “ಚೀಟಿ ನೋಡದೆ, ಇಂಜೆಕ್ಷನ್ ಹಿಡ್ಕೊಂಡು, ನೀವು ಇಂಥವರೇ ತಾನೇ ಅಂತ ಒಬ್ಬ ರೋಗೀನ ಕೇಳಿದ್ದೆ. ಪಾಪ, ಅವರು ಹೌದು ಅಂದ್ರು.”